ಹೆಸರು ಕೇಳಿದರು, ಹೇಳಲಿಲ್ಲ

ಇದನ್ನು ಬರೆಯುವ ಮೊದಲು ಆಕೆಯನ್ನು ಕೇಳಿದೆ. ಆಗಲಿ, ಬರಿ ಅಕ್ಕಾ ಎಂದಳು. ಆಕೆ ಯಾರು, ಯಾವ ಊರಿನವಳು, ಅಂದು ಬಸ್ಸಿನಲ್ಲಿ ನನಗೆ ಏನು ಹೇಳಿದಳು ಎಂಬುದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆಯುತ್ತೇನೆ. ಅವನ್ನು ಕಂಪನಿಯ ಸಾಹೇಬರ ಮುಂದೆ ಹೇಳಲಿಲ್ಲ, ವಿಚಾರಣೆಯ ಕೋಣೆಯಲ್ಲಿ ಹೇಳಲಿಲ್ಲ, ಕೋರ್ಟಿನ ಕಟಕಟೆಯಲ್ಲಿ ನಿಂತೂ ಹೇಳಲಿಲ್ಲ. ಇಲ್ಲಿ ಹೇಳಿಯಾಳು ಎಂದು ಯಾರೂ ಕಾಯಬೇಡಿ.

ನಾನು ಬಸವಕಲ್ಯಾಣದವಳು. ಮನೆಯವರು ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುತ್ತಾರೆ. ನಾನು ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಔಷಧಿ ಪುಡಿಯ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತೇನೆ. ಬೆಳಿಗ್ಗೆ ಕಂಪನಿಯ ಬಸ್ಸು ತ್ರಿಪುರಾಂತದ ಹತ್ತಿರ ನಿಲ್ಲುತ್ತದೆ. ರೊಟ್ಟಿಯ ಡಬ್ಬಿ ಹಿಡಿದು ಹತ್ತಿದರೆ ಹೈವೇ ಸೇರಿ ರಾಜೇಶ್ವರ ದಾಟಿ ಹುಮನಾಬಾದ್ ಮುಟ್ಟುವ ತನಕ ಹೆಣ್ಣುಮಕ್ಕಳದೇ ರಾಜ್ಯ. ಹಿಂದಿನ ಸೀಟುಗಳು ನಮ್ಮವು. ಅಲ್ಲಿ ಎಂಜಿನ್ನಿನ ಸದ್ದಿಗೆ ಪಕ್ಕದವಳ ಮಾತು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ.

ಕಾರ್ಖಾನೆಯಲ್ಲಿ ಕಾರ್ಮಿಕರ ಸಂಘ ಮೊದಲಿನಿಂದಲೂ ಇತ್ತು. ಕಮಿಟಿಯಲ್ಲಿ ಮಾತ್ರ ಎಲ್ಲರೂ ಗಂಡಸರು. ಬೋನಸ್ಸು, ಓವರ್‌ಟೈಮು ಇಂಥ ವಿಷಯ ಇದ್ದರೆ ನಮ್ಮವರು ಅವರ ಹತ್ತಿರ ಹೋಗುತ್ತಿದ್ದರು. ಮೈಯ ತೊಂದರೆ, ಸೂಪರ್‌ವೈಸರನ ಕಣ್ಣು, ಬಾತ್‌ರೂಮಿಗೆ ಬಿಡದಿರುವುದು ಇವನ್ನೆಲ್ಲ ಹೋಗಿ ಯಾರ ಮುಂದೆ ಹೇಳುವುದು? ಒಂದು ಸಭೆಯಲ್ಲಿ ನಮ್ಮ ಖಾಲಾ ಎದ್ದು ನಿಂತು, ಕಮಿಟಿಯಲ್ಲಿ ಒಬ್ಬ ಹೆಣ್ಣುಮಗಳು ಬೇಕೇ ಬೇಕು ಎಂದು ಹಟ ಹಿಡಿದರು. ಖಾಲಾ ಎಂದರೆ ನಮ್ಮ ವಿಭಾಗದಲ್ಲಿ ಎಲ್ಲರಿಗಿಂತ ಹಿರಿಯರು, ಬಸವಕಲ್ಯಾಣದ ಹಳೆಯ ಮುಸ್ಲಿಂ ಮನೆತನದವರು, ವಿಧವೆ, ತಲೆ ಪೂರ್ತಿ ಬೆಳ್ಳಗಾದವರು. ಖಾಲಾ ಎಂದರೆ ಉರ್ದುವಿನಲ್ಲಿ ಚಿಕ್ಕಮ್ಮ, ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದೆವು. ಅವರು ನನ್ನ ರಟ್ಟೆ ಹಿಡಿದು ಎಬ್ಬಿಸಿದರು. ನನಗೆ ಭಾಷಣ ಬರುವುದಿಲ್ಲ ಎಂದೆ. ಭಾಷಣಕ್ಕೆ ಗಂಡಸರಿದ್ದಾರೆ, ನೀನು ಕೇಳಿಸಿಕೊಂಡರೆ ಸಾಕು ಎಂದರು.

ಹಾಗೆ ಕೇಳಿಸಿಕೊಳ್ಳುವ ಕೆಲಸ ನನಗೆ ಬಂತು. ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. ಒಬ್ಬಳ ಮಾತು ಇನ್ನೊಬ್ಬಳ ಕಿವಿಗೆ ನನ್ನಿಂದ ಹೋಗುವುದಿಲ್ಲ ಎಂದು ಗೊತ್ತಾದ ಮೇಲೆ ಒಬ್ಬೊಬ್ಬರೇ ಬಂದು ಪಕ್ಕದಲ್ಲಿ ಕೂತರು.

ನಮ್ಮಲ್ಲಿ ಡ್ರೈಯರ್ ರೂಮ್ ಎಂದು ಒಂದಿದೆ. ಹಸಿ ಪುಡಿಯನ್ನು ಬಿಸಿ ಗಾಳಿಯಲ್ಲಿ ಒಣಗಿಸುವ ಜಾಗ. ಪುಡಿಯಲ್ಲಿ ಬೆರೆಸಿದ ದ್ರಾವಕ ಆವಿಯಾಗಿ ಮೇಲೇಳುತ್ತಿತ್ತು. ಅದರ ವಾಸನೆ ಸಿಹಿಯಾಗಿರುತ್ತದೆ, ಸ್ವಲ್ಪ ಹೊತ್ತಿಗೆ ತಲೆ ಗಿರ್ರೆನ್ನುತ್ತದೆ. ಕಿಟಕಿ ತೆಗೆದರೆ ಧೂಳು ಬಂದು ಮಾಲು ಕೆಡುತ್ತದೆ ಎಂದು ಮುಚ್ಚಿಯೇ ಇಡುತ್ತಿದ್ದರು. ಗಾಳಿ ಎಳೆಯುವ ಫ್ಯಾನು ಗೋಡೆಯಲ್ಲಿತ್ತು, ತಿರುಗುತ್ತಿರಲಿಲ್ಲ. ಮೂಗಿಗೆ ಬಟ್ಟೆಯ ಮಾಸ್ಕು. ಪ್ಯಾಕಿಂಗಿನ ಹೆಂಗಸರನ್ನು ಸರದಿಯ ಮೇಲೆ ಆ ರೂಮಿಗೆ ಹಾಕುತ್ತಿದ್ದರು.

ಒಂದು ಸಂಜೆ ವಾಪಸ್ ಬರುವಾಗ ಆಕೆ ನನ್ನ ಪಕ್ಕಕ್ಕೆ ಬಂದು ಕೂತಳು. ಆ ರೂಮಿನ ಬಗ್ಗೆಯೂ ತನ್ನ ಮೈಯ ಬಗ್ಗೆಯೂ ಒಂದು ಮಾತು ಹೇಳಿದಳು. ಮನೆಯಲ್ಲಿ ಅತ್ತೆಗೆ ಗೊತ್ತಿಲ್ಲ, ಗಂಡನಿಗೂ ಇನ್ನೂ ಹೇಳಿಲ್ಲ ಎಂದಳು. ಸಂಘದವಳು ಅಂತ ನಿನಗೆ ಹೇಳಾಕತ್ತೇನಿ, ಬೇರೆ ಯಾರಿಗೂ ಬೇಡ ಎಂದಳು. ಆಗಲಿ ಎಂದೆ. ನಮ್ಮಿಬ್ಬರ ನಡುವೆ ನಡೆದದ್ದು ಇಷ್ಟೇ. ಆಣೆ ಇಲ್ಲ, ಕೈಮೇಲೆ ಕೈ ಇಟ್ಟದ್ದಿಲ್ಲ.

ಮುಂದಿನ ಮೀಟಿಂಗಿನಲ್ಲಿ ನಾನು ಆಡಳಿತದವರ ಮುಂದೆ ಡ್ರೈಯರ್ ರೂಮಿನ ಮಾತು ಎತ್ತಿದೆ. ಫ್ಯಾನು ತಿರುಗಬೇಕು, ಸರಿಯಾದ ಮಾಸ್ಕು ಬೇಕು, ಒಲ್ಲೆ ಎಂದವರನ್ನು ಅಲ್ಲಿಗೆ ಹಾಕಬಾರದು, ಹೆಣ್ಣುಮಗಳೊಬ್ಬಳ ಆರೋಗ್ಯಕ್ಕೆ ಅದರಿಂದ ತೊಂದರೆಯಾಗಿದೆ ಎಂದೆ. ಎಚ್‌ಆರ್ ಸಾಹೇಬರು ಅಲ್ಲಿಯ ತನಕ ಪೆನ್ನು ತಿರುಗಿಸುತ್ತ ಕೂತಿದ್ದರು. ಆ ಕಡೆಯ ಮಾತಿಗೆ ತಲೆ ಎತ್ತಿದರು. ಬಹಳ ನಯವಾಗಿ ಕೇಳಿದರು.

"ಯಾರಂತ ಹೆಸರು ಹೇಳ್ರಿ ಅಕ್ಕಾರ. ಆಕಿನ್ನ ನಾಳಿಂದಽ ಬ್ಯಾರೆ ಕಡಿ ಹಾಕ್ತೀವಿ. ಮುಗೀತಲ್ಲ."

"ಎಲ್ಲಾರಿಗೂ ಗಾಳಿ ಬರಂಗ ಮಾಡ್ರಿ ಸಾಹೇಬ್ರೆ. ಆಗ ಯಾರ ಹೆಸರೂ ಬೇಕಾಗಲ್ಲ," ಎಂದೆ.

ಅವರ ನಯ ನನಗೆ ಗೊತ್ತಿತ್ತು. ನಮ್ಮ ಹೆಂಗಸರಲ್ಲಿ ಹೆಚ್ಚಿನವರು ಗುತ್ತಿಗೆದಾರನ ಕಡೆಯವರು. ಬೇರೆ ಕಡೆ ಹಾಕುತ್ತೇವೆ ಎಂದರೆ ಮನೆಗೆ ಹಾಕುವುದು. ಸಂಜೆ ಗುತ್ತಿಗೆದಾರನ ಫೋನು ಬರುತ್ತದೆ, ನಾಳೆಯಿಂದ ಬರಬೇಡವ್ವ ಎನ್ನುತ್ತಾನೆ. ಕಾರಣ ಇರುವುದಿಲ್ಲ, ಕಾಗದವೂ ಇರುವುದಿಲ್ಲ. ಸೊಂಟ ನೋವೆಂದು ಕೂತು ಕೆಲಸ ಮಾಡಲು ಸ್ಟೂಲು ಕೇಳಿದ ಒಬ್ಬಳನ್ನು ಹಾಗೆ ಕಳಿಸಿದ್ದನ್ನು ನಾವೆಲ್ಲ ಕಂಡಿದ್ದೆವು.

ನಾನು ಹೇಳದಿದ್ದಾಗ ಅವರು ಫೋನುಗಳಿಗೆ ಕೈ ಹಾಕಿದರು. ಹೆಂಗಸರನ್ನು ಒಬ್ಬೊಬ್ಬರಾಗಿ ಆಫೀಸಿಗೆ ಕರೆದು, ಸಂಘದ ವಾಟ್ಸಾಪ್ ಗ್ರೂಪು ತೆಗೆದು ತೋರಿಸಿ ಎಂದರು. ಕೆಲವರು ಹೆದರಿ ತೋರಿಸಿದರು. ಒಬ್ಬಳು ಕೇಳುವ ಮೊದಲೇ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದ್ದಳು. ಯಾರೆಂದು ನಮಗೆಲ್ಲ ಗೊತ್ತಿತ್ತು. ನನ್ನನ್ನೂ ಕರೆದರು. ಫೋನು ನನ್ನದು, ಗ್ರೂಪು ಸಂಘದ್ದು, ತೋರಿಸುವುದಿಲ್ಲ ಎಂದು ಸೆರಗಿನೊಳಗೆ ಇಟ್ಟುಕೊಂಡು ಎದ್ದು ಬಂದೆ. ಅಂದಿನಿಂದ ಆ ಗ್ರೂಪಿನಲ್ಲಿ ಗುಲಾಬಿ ಹೂವಿನ ಶುಭೋದಯ, ಹಬ್ಬದ ಶುಭಾಶಯ ಬಿಟ್ಟರೆ ಮತ್ತೇನೂ ಬರಲಿಲ್ಲ. ಎಚ್‌ಆರ್ ಸಾಹೇಬರು ದಿನಾ ಕೂತು ಗುಲಾಬಿ ನೋಡಲಿ ಎಂದು ನಕ್ಕೆವು. ಮಾತುಗಳೆಲ್ಲ ಬಸ್ಸಿನ ಹಿಂದಿನ ಸೀಟಿಗೆ ಬಂದವು. ನಮ್ಮ ಡ್ರೈವರ್ ಅಣ್ಣ ಯಾರೂ ಹೇಳದೆ ಒಂದು ಉಪಕಾರ ಮಾಡಿದ. ನಾವು ತಲೆ ತಲೆ ಕೂಡಿಸಿದ್ದನ್ನು ಕನ್ನಡಿಯಲ್ಲಿ ಕಂಡರೆ ಟೇಪು ಜೋರು ಮಾಡುತ್ತಿದ್ದ.

ನಾನು ಕಂಪನಿಯ ಕಾಯಂ ಕೆಲಸದವಳು, ಒಂದು ಫೋನಿನಲ್ಲಿ ಕಳಿಸುವಂತಿರಲಿಲ್ಲ. ಕೆಲವು ವಾರಕ್ಕೆ ನನ್ನ ಕೈಗೆ ಚಾರ್ಜ್‌ಶೀಟು ಬಂತು. ಸುಳ್ಳು ಸುದ್ದಿ ಹಬ್ಬಿಸಿ ಕಂಪನಿಯ ಹೆಸರು ಕೆಡಿಸಿದ್ದು, ಮೇಲಿನವರ ಆದೇಶ ಪಾಲಿಸದಿದ್ದದ್ದು. ಸಸ್ಪೆಂಡ್ ಮಾಡಿ ವಿಚಾರಣೆ ಇಟ್ಟರು.

ಅದಾದ ಮೇಲೆ ಎಲ್ಲರಿಗಿಂತ ಮೊದಲು ನನ್ನನ್ನು ಅಲುಗಿಸಲು ಬಂದವರು ಕಂಪನಿಯವರಲ್ಲ, ನಮ್ಮವರೇ. ಸಂಘದ ಜಿಲ್ಲಾ ಮುಖಂಡರು ಬೀದರಿನಿಂದ ಮನೆಗೆ ಬಂದರು. ಒಳ್ಳೆಯ ಮನುಷ್ಯ, ಹೋರಾಟದಲ್ಲಿ ಜೈಲಿಗೂ ಹೋಗಿ ಬಂದವರು. ಚಹಾ ಕುಡಿದು, ಆ ಹೆಸರು ಒಂದು ಹೇಳಿಬಿಡವ್ವ ಎಂದರು. ಒಬ್ಬಳ ಸಲುವಾಗಿ ಸಂಘವೇ ಮುಳುಗಬಾರದು, ಆಕೆಯ ಕೆಲಸ ಉಳಿಸುವುದು ನನ್ನ ಜವಾಬ್ದಾರಿ ಎಂದರು. ನಾನು ಒಪ್ಪದಿದ್ದಾಗ, "ನನ್ನ ಮುಂದಾದ್ರೂ ಹೇಳು. ನಾನೂ ಸಂಘದಾಂವನಽ ಅಲ್ಲ," ಎಂದರು.

"ನಿಮ್ಮ ತನಕ ಬಂದ್ರ ಅದು ಎಲ್ಲೆಲ್ಲಿಗಿ ಹೋಗ್ತದಂತ ನಿಮಗೂ ಮಾಲೂಮ್ ಅದ ಅಣ್ಣಾರ," ಎಂದೆ. "ಹೆಸರು ಕೊಟ್ಟು ಸಂಘ ಉಳಿಸಿದ್ರ, ನಾಳಿಗಿ ಆ ಸಂಘಕ್ಕ ಬಂದು ಯಾರು ಏನು ಹೇಳ್ತಾರ?"

ಅವರು ಬೇಸರ ಮಾಡಿಕೊಂಡು ಹೋದರು. ಬಹಳ ದಿನ ಫೋನು ಮಾಡಲಿಲ್ಲ.

ಮನೆಯವರಿಗೂ ನಾನು ಹೇಳಿರಲಿಲ್ಲ. ಗಂಡನಿಗೂ ಹೇಳದ ಗುಟ್ಟು ಎಂಥದು ಎಂದು ಅವರು ಮುಖ ಊದಿಸಿಕೊಂಡಿದ್ದರು. ಊಟಕ್ಕೆ ಕರೆದರೆ ಬರುತ್ತಿದ್ದರು, ಮಾತಿಲ್ಲ. ಆಮೇಲೆ ಒಂದು ಮಧ್ಯಾಹ್ನ ಗುತ್ತಿಗೆದಾರನ ಕಡೆಯವನೊಬ್ಬ ಶೆಡ್ಡಿಗೇ ಹೋಗಿ, ನಿಮ್ಮ ಹೆಂಡತಿಯ ಕೆಲಸ ವಾಪಸ್ ಬರುತ್ತದೆ, ಆ ಹೆಸರು ಹೇಳಿ ಎಂದು ಬೆನ್ನು ಹತ್ತಿದನಂತೆ. ಇವರು ವೆಲ್ಡಿಂಗಿನ ಕನ್ನಡಕ ತೆಗೆದು, ನನಗೇ ಹೇಳಿಲ್ಲಪ್ಪ, ನಿನಗೇನು ಹೇಳಲಿ ಎಂದರಂತೆ. ಅಂದು ಸಂಜೆ ಅದನ್ನು ಹೇಳುತ್ತ ಮೊದಲ ಸಲ ನಕ್ಕರು. ನೀ ಹೇಳದಿದ್ದದ್ದೇ ಚಲೋ ಆಯಿತು ಎಂದರು. ಮತ್ತೆ ಕೇಳಲಿಲ್ಲ.

ಹುಮನಾಬಾದಿನಲ್ಲಿ ಒಬ್ಬ ವಕೀಲರ ಹತ್ತಿರ ಹೋದೆ. ಸಂಘದವಳಿಗೆ ಸದಸ್ಯೆ ನಂಬಿ ಹೇಳಿದ ಮಾತನ್ನು ಜಬರ್ದಸ್ತಿಯಿಂದ ಕಕ್ಕಿಸಬಹುದೇ ಎಂದು ಕೇಳಿದೆ. ಅವರು ಸುಳ್ಳು ಭರವಸೆ ಕೊಡಲಿಲ್ಲ. ಕಕ್ಷಿದಾರ ವಕೀಲನಿಗೆ ಹೇಳಿದ ಮಾತಿಗೆ ಕಾನೂನಿನ ಕಾವಲಿದೆ, ಗಂಡ ಹೆಂಡತಿಯ ನಡುವಿನ ಮಾತಿಗೂ ಇದೆ, ಕಾರ್ಮಿಕರು ಸಂಘಕ್ಕೆ ಹೇಳಿದ್ದಕ್ಕೆ ಹಾಗೆಂದು ಬಿಡಿಸಿ ಬರೆದ ಸಾಲು ನಮ್ಮಲ್ಲಿ ಇಲ್ಲ ಎಂದರು. ಆದರೆ ಸಂಘ ಕಟ್ಟುವ ಹಕ್ಕಿದೆ, ಸಂಘದ ಕೆಲಸಕ್ಕೆ ಮಾಲೀಕರು ಅಡ್ಡ ಬರುವುದು, ಹೆದರಿಸುವುದು ತಪ್ಪು ಎಂದು ಕಾಯ್ದೆ ಹೇಳುತ್ತದೆ. ಆ ದಾರಿ ಹಿಡಿದು ವಾದ ಮಾಡಬಹುದು, ಗೆಲ್ಲುತ್ತೇವೆಂದು ಬರೆದುಕೊಡಲಾರೆ ಎಂದರು.

ಕಾನೂನಿನಲ್ಲಿ ಇಲ್ಲದಿದ್ದರೆ ಇಲ್ಲ. ಬಸ್ಸಿನಲ್ಲಿ ಆಗಲಿ ಎಂದಾಗ ನಾನು ಕಾನೂನು ಕೇಳಿ ಎಂದಿರಲಿಲ್ಲ.

ವಿಚಾರಣೆ ಕಾರ್ಖಾನೆಯ ಟ್ರೈನಿಂಗ್ ಹಾಲಿನಲ್ಲಿ ನಡೆಯಿತು. ವಿಚಾರಣಾಧಿಕಾರಿಯಾಗಿ ಕಲಬುರಗಿಯಿಂದ ಒಬ್ಬ ವಯಸ್ಸಾದ ವಕೀಲರನ್ನು ಕರೆಸಿದ್ದರು. ಒಂದು ಬದಿಗೆ ಎಚ್‌ಆರ್ ಸಾಹೇಬರು, ಇನ್ನೊಂದು ಬದಿಗೆ ನಾನೂ ನನ್ನ ಜೊತೆಗಾರನಾಗಿ ಕಮಿಟಿಯ ಒಬ್ಬ ಹುಡುಗನೂ. ಈ ಮಾತು ನಿಮಗೆ ಯಾರು ಹೇಳಿದರು ಎಂದು ವಿಚಾರಣಾಧಿಕಾರಿ ಕೇಳಿದರು. ನಮ್ಮ ಸಂಘದ ಸದಸ್ಯೆ ಎಂದೆ. ಹೆಸರು ಎಂದರು.

"ಹೇಳಂಗಿಲ್ಲರಿ."

"ಹೇಳಲಿಲ್ಲ ಅಂದ್ರ ನಿಮಗ ಅದು ಉಲ್ಟಾ ಆಗ್ತದ, ತಿಳೀತಿಲ್ಲೋ?"

"ತಿಳೀತರಿ. ಹೇಳಲ್ಲ ಅಂದ್ಳು ಅಂತ ಬರಕೊಳ್ರಿ."

ಬರೆದುಕೊಂಡರು. ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳಿದರು. ಆಕೆ ಯಾವ ಶಿಫ್ಟಿನವಳು, ಮದುವೆಯಾದವಳೋ ಇಲ್ಲವೋ, ಹುಮನಾಬಾದಿನವಳೋ ಬಸವಕಲ್ಯಾಣದ ಬಸ್ಸಿನವಳೋ. ಒಂದೊಂದಕ್ಕೆ ಉತ್ತರ ಕೊಡುತ್ತ ಹೋದರೆ ಕೊನೆಗೆ ಉಳಿಯುವುದು ಒಬ್ಬಳೇ. ಅದಕ್ಕೆ ಎಲ್ಲಕ್ಕೂ ಅದೇ ಉತ್ತರ ಕೊಟ್ಟೆ. ಕಡೆಗೆ ಎಚ್‌ಆರ್ ಸಾಹೇಬರು, ಅಂಥ ಹೆಣ್ಣುಮಗಳೇ ಇಲ್ಲ, ಇದೆಲ್ಲ ಈಕೆ ಕಟ್ಟಿದ ಕಥೆ, ಇದ್ದಿದ್ದರೆ ಹೆಸರು ಹೇಳುತ್ತಿದ್ದಳು ಎಂದರು. ಆಕೆ ಇದ್ದಾಳೆ ಎಂದು ತೋರಿಸುವ ಒಂದೇ ದಾರಿಯನ್ನು ನಾನೇ ಮುಚ್ಚಿದ್ದೆ.

ಇದು ಕಟ್ಟುಕಥೆ ಎಂಬುದನ್ನು ಗಟ್ಟಿ ಮಾಡಿಕೊಳ್ಳಲು ಅವರು ತಮ್ಮ ಸಾಕ್ಷಿಯಾಗಿ ಖಾಲಾನನ್ನು ಕರೆದರು. ವಯಸ್ಸಾದ ಹೆಂಗಸು, ಗುತ್ತಿಗೆಯವಳು, ಹೇಳಿಕೊಟ್ಟಂತೆ ಹೇಳುತ್ತಾಳೆ ಎಂದುಕೊಂಡಿದ್ದರು. ಡ್ರೈಯರ್ ರೂಮಿನ ಬಗ್ಗೆ ಯಾರಾದರೂ ಈಕೆಗೆ ದೂರು ಹೇಳಿದ್ದು ನಿಮಗೆ ಗೊತ್ತಾ ಎಂದು ಎಚ್‌ಆರ್ ಸಾಹೇಬರು ಕೇಳಿದರು. ಖಾಲಾ ಬುರ್ಖಾದ ಮುಸುಕನ್ನು ಹಿಂದಕ್ಕೆ ಸರಿಸಿ ಕೂತರು.

"ಗೊತ್ತಿಲ್ದೆ ಏನ್ರಿ. ನಾನಽ ಹೇಳೀನಿ."

ವಿಚಾರಣಾಧಿಕಾರಿ ಕನ್ನಡಕದ ಮೇಲಿಂದ ನೋಡಿ, ನಿಮಗೆ ಏನು ತೊಂದರೆ ಆಗಿತ್ತು ಎಂದು ಕೇಳಿದರು.

"ಅದು ನಿಮಗ್ಯಾಕ್ರಿ?" ಎಂದರು ಖಾಲಾ. "ಹೆಣ್ಮಕ್ಕಳ ಮೈ ಮಾತು. ಸಂಘದಾಕಿಗಿ ಹೇಳೀನಿ, ಆಕಿ ಸಂಭಾಳಿಸ್ತಾಳ. ನಿಮ್ಮ ಮುಂದ ಹೇಳೂದಿದ್ರ ನಿಮಗಽ ಹೇಳ್ತಿದ್ದಿಲ್ಲೇನು?"

ಅವರು ಹೇಳಿದ್ದು ಸುಳ್ಳಲ್ಲ. ಹಿಂದೊಮ್ಮೆ ಆ ರೂಮಿನಲ್ಲಿ ಕೆಲಸ ಮಾಡಿ ಬಂದ ಮೇಲೆ ಖಾಲಾ ಕೂಡ ನನಗೆ ತಮ್ಮ ಕಷ್ಟ ಹೇಳಿಕೊಂಡಿದ್ದರು. ಅವರ ನಂತರ ಪ್ಯಾಕಿಂಗಿನ ಇನ್ನೊಬ್ಬಳನ್ನು ಕರೆದರು. ಆಕೆಯೂ ನಾನೇ ಹೇಳಿದ್ದು ಎಂದಳು. ಮತ್ತೊಬ್ಬಳೂ ಅದನ್ನೇ ಎಂದಳು. ಅದೂ ಸುಳ್ಳಲ್ಲ. ಆ ರೂಮಿಗೆ ಹೋಗಿ ಬಂದವರಲ್ಲಿ ನನ್ನ ಪಕ್ಕಕ್ಕೆ ಬಂದು ಕೂರದವರು ಕಡಿಮೆ. ಸ್ಕ್ರೀನ್‌ಶಾಟ್ ಕಳಿಸಿದವಳು ಮಾತ್ರ, ಅಂಥದ್ದೇನೂ ಇಲ್ಲ, ರೂಮು ಚೆನ್ನಾಗಿದೆ ಎಂದು ಹೇಳಿ ಹೋದಳು. ಮುಂದಿನ ತಾರೀಖಿಗೆ ಸಾಕ್ಷಿಗಳನ್ನು ಕರೆಯುವುದು ನಿಲ್ಲಿಸಿದರು.

ಆ ದಿನಗಳಲ್ಲೇ ಒಂದು ಭಾನುವಾರ, ಬಸ್ಸಿನಲ್ಲಿ ನನಗೆ ಹೇಳಿದವಳು ನನ್ನ ಮನೆಗೆ ಬಂದಳು. ನಾನೇ ಹೋಗಿ ಹೇಳುತ್ತೇನೆ, ನನ್ನಿಂದ ಖಾಲಾಗೂ ನಿನಗೂ ಇಷ್ಟೆಲ್ಲ ಆಗುವುದು ಬೇಡ ಎಂದು ಅತ್ತಳು. ನೀರು ಕೊಟ್ಟೆ. ನನಗೂ ಒಳಗೊಳಗೆ ಆಸೆಯಾಯಿತು. ಆಕೆ ಹೋಗಿ ಹೇಳಿದರೆ ನನ್ನ ಕೆಲಸ ಉಳಿಯುತ್ತಿತ್ತು.

"ಮಾತು ನಿಂದು," ಎಂದೆ. "ಹೇಳಬೇಕಂತ ನಿಂಗ ಅನಿಸಿದ್ರ ಹೇಳು, ನಾ ಹಿಡಿಯಂಗಿಲ್ಲ. ಖರೇ ಕೇಳಿದ್ರ, ನನ್ನ ಸಲುವಾಗಿ ಅಂತ ಮಾತ್ರ ಹೇಳಬ್ಯಾಡ. ಅವರು ಹೆದರಸಿದ್ದಕ್ಕ ನೀ ಹೇಳಿದ್ರ, ಹೆದರಸಿದ್ರ ಆಗ್ತದ ಅಂತ ಅವರಿಗಿ ಗೊತ್ತಾಗ್ತದ."

ಆಕೆ ಬಹಳ ಹೊತ್ತು ಕೂತಿದ್ದಳು. ಹೇಳುವುದಿಲ್ಲ ಎಂದು ತೀರ್ಮಾನಿಸಿ ಎದ್ದಳು. ಮುಂದೆ ತನಗೆ ಬೇಕಾದಾಗ, ತನ್ನ ಮನೆಯಲ್ಲಿ, ತನ್ನ ಗಂಡನಿಗೆ ತಾನೇ ಹೇಳಿದಳಂತೆ. ಕಾರ್ಖಾನೆಯ ಕೆಲಸವನ್ನು ತಾನಾಗಿಯೇ ಬಿಟ್ಟಳು. ಈಗ ಚೆನ್ನಾಗಿದ್ದಾಳೆ. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ವಿಚಾರಣೆಯ ವರದಿ ನಾನು ತಪ್ಪಿತಸ್ಥೆ ಎಂದಿತು. ಕೆಲಸದಿಂದ ತೆಗೆದರು. ಅದೇ ವಾರ ಖಾಲಾಗೆ ಗುತ್ತಿಗೆದಾರನ ಫೋನು ಹೋಯಿತು. ನನ್ನ ಕಾಗದ ಬಂದಾಗ ಆಗದ ಸಂಕಟ ಅದನ್ನು ಕೇಳಿ ಆಯಿತು. ಅವರ ಮನೆಗೆ ಓಡಿದೆ. ಅಂಗಳದಲ್ಲಿ ಮೆಣಸಿನಕಾಯಿ ಒಣಗಹಾಕುತ್ತಿದ್ದರು. ನನ್ನಿಂದ ನಿಮ್ಮ ಅನ್ನ ಹೋಯಿತು ಎಂದು ಕೈ ಹಿಡಿದರೆ ಸಿಟ್ಟಿಗೆದ್ದು ಕೈ ಕೊಸರಿಕೊಂಡರು.

"ಹಟ ಮಾಡೂದು ನೀ ಒಬ್ಬಾಕಿನಽ ಏನು? ನಂಗೂ ಹಟ ಅದ. ಅಳೂದಿದ್ರ ನಿನ್ನ ಮನಿಗಿ ಹೋಗಿ ಅಳು. ಇಲ್ಲಿ ಕುಂದ್ರೂದಿದ್ರ ಆ ತೊಟ್ಟು ಮುರಿ."

ಕೂತು ಮೆಣಸಿನಕಾಯಿಯ ತೊಟ್ಟು ಮುರಿದೆ.

ಬೀದರಿನ ಕಾರ್ಮಿಕ ಅಧಿಕಾರಿಯ ಮುಂದೆ ಮಾತುಕತೆ ಆಯಿತು, ಕೂಡಿಬರಲಿಲ್ಲ. ಕೇಸು ಕಲಬುರಗಿಯ ಕಾರ್ಮಿಕ ನ್ಯಾಯಾಲಯಕ್ಕೆ ಹೋಯಿತು. ಈ ನಡುವೆ ಸಂಘದ ಅರ್ಜಿಯ ಮೇಲೆ ಕಾರ್ಖಾನೆಗಳ ಇಲಾಖೆಯ ಅಧಿಕಾರಿ ಬಂದು ಡ್ರೈಯರ್ ರೂಮು ನೋಡಿದರು. ಅರ್ಜಿ ಬರೆದು ಹಿಂದೆ ಬಿದ್ದವರು ಜಿಲ್ಲಾ ಮುಖಂಡರೇ. ನನ್ನ ಮೇಲಿನ ಬೇಸರವನ್ನು ಅವರು ಆ ಕೆಲಸಕ್ಕೆ ತರಲಿಲ್ಲ. ಫ್ಯಾನು ಕೆಟ್ಟಿದೆ, ಗಾಳಿ ಸಾಲದು ಎಂದು ವರದಿಯಾಯಿತು. ಕೋರ್ಟಿನಲ್ಲಿ ನಮ್ಮ ವಕೀಲರು ಅದರ ನಕಲು ಹಾಜರುಪಡಿಸಿದರು.

ನನ್ನ ಪಾಟೀಸವಾಲಿನ ದಿನ ಕಂಪನಿಯ ವಕೀಲರು ಎದ್ದವರೇ ಮತ್ತೆ ಅದನ್ನೇ ಕೇಳಿದರು. ಇದು ಕಂಪನಿಯ ಟ್ರೈನಿಂಗ್ ಹಾಲಲ್ಲ, ನ್ಯಾಯಾಲಯ, ಇಲ್ಲಿ ಹೇಳಲೇಬೇಕು ಎಂದರು. ಕಟಕಟೆಯ ಅಂಚು ಹಿಡಿದುಕೊಂಡೆ. ಇಲ್ಲಿಯೂ ಹೇಳುವುದಿಲ್ಲ ಎಂದೆ. ನಿರಾಕರಿಸಿದರೆ ಪರಿಣಾಮ ಏನಾಗಬಹುದು ಗೊತ್ತೇ ಎಂದು ನ್ಯಾಯಾಧೀಶರು ಕೇಳಿದರು. ಗೊತ್ತಿದೆ ಎಂದೆ. ಯಾಕೆ ಹೇಳುವುದಿಲ್ಲ ಎಂದರು.

"ನಂಗ ಹೇಳಿದಾಕಿ ಸಂಘಕ್ಕ ಅಂತ ಹೇಳ್ಯಾಳರಿ. ಇಲ್ಲಿ ನಾ ಬಾಯಿ ಬಿಟ್ರ, ನಾಳಿಂದ ಆ ಕಾರ್ಖಾನಿಯೊಳಗ ಯಾವ ಹೆಣ್ಮಗಳೂ ಬಾಯಿ ಬಿಡಂಗಿಲ್ಲ. ನೀವು ಏನು ಶಿಕ್ಷಾ ಕೊಟ್ರೂ ತಗೋತೇನಿ."

ನ್ಯಾಯಾಧೀಶರು ಸ್ವಲ್ಪ ಹೊತ್ತು ಕಡತ ತಿರುವಿದರು. ಆಮೇಲೆ ಕಂಪನಿಯ ವಕೀಲರ ಕಡೆ ತಿರುಗಿ, ಆ ಹೆಸರಿನಿಂದ ನಿಮಗೆ ಸಾಬೀತಾಗಬೇಕಾದದ್ದು ಏನು ಎಂದರು. ಈಕೆ ಸುಳ್ಳು ಹೇಳಿದಳೆಂದು ತೋರಿಸಬೇಕು ಎಂದರು ಅವರು. ರೂಮಿನಲ್ಲಿ ಗಾಳಿ ಇದೆಯೋ ಇಲ್ಲವೋ ಎಂಬುದಕ್ಕೆ ಅಧಿಕಾರಿಯ ವರದಿ ಇದೆ, ಹೆಸರು ಈ ಕೇಸಿಗೆ ಬೇಕಿಲ್ಲ, ಮುಂದಿನ ಪ್ರಶ್ನೆ ಕೇಳಿ ಎಂದರು ನ್ಯಾಯಾಧೀಶರು. ಮುಂದಿನ ಪ್ರಶ್ನೆ ಏನಿತ್ತೋ ನನಗೆ ಸರಿಯಾಗಿ ಕೇಳಿಸಲಿಲ್ಲ. ಎರಡನೆಯ ಸಲ ಕೇಳಬೇಕಾಯಿತು.

ಆದೇಶ ಬರಲು ತಡವಾಯಿತು. ಬಂದಾಗ, ನನ್ನನ್ನು ತೆಗೆದದ್ದು ಸರಿಯಲ್ಲ, ವಾಪಸ್ ತೆಗೆದುಕೊಳ್ಳಬೇಕು ಎಂದಿತ್ತು. ಸದಸ್ಯರು ಸಂಘಕ್ಕೆ ಹೇಳಿದ ಮಾತಿನ ಗುಟ್ಟಿನ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಇದೆಯೇ ನೋಡಿ ಎಂದು ವಕೀಲರನ್ನು ಕೇಳಿ ಕೇಳಿ ಓದಿಸಿದೆ. ಇಲ್ಲವ್ವ, ನ್ಯಾಯಾಧೀಶರು ಪ್ರಶ್ನೆ ಬೇಡ ಎಂದರು ಅಷ್ಟೇ, ಅದರ ಮೇಲೆ ತೀರ್ಪು ಕೊಟ್ಟಿಲ್ಲ ಎಂದರು. ನಾಳೆ ಬೇರೆ ಕಾರ್ಖಾನೆಯಲ್ಲಿ ಬೇರೆಯವಳನ್ನು ಇದೇ ಪ್ರಶ್ನೆ ಕೇಳಬಹುದು ಎಂದಾಯಿತು.

ಕಾನೂನು ಬರೆಯದಿದ್ದರೆ ನಾವು ಬರೆದುಕೊಳ್ಳೋಣ ಎಂದು ಸಂಘದ ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತೆ. ಸದಸ್ಯರು ಕಮಿಟಿಯವರಿಗೆ ನಂಬಿ ಹೇಳಿದ್ದನ್ನು, ಹೇಳಿದವರ ಒಪ್ಪಿಗೆ ಇಲ್ಲದೆ ಆಡಳಿತಕ್ಕಾಗಲಿ, ಸಂಘದ ಮೇಲಿನವರಿಗಾಗಲಿ ಹೇಳುವಂತಿಲ್ಲ, ಬಾಯಿ ಬಿಟ್ಟವರು ಕಮಿಟಿಯಲ್ಲಿ ಇರುವಂತಿಲ್ಲ ಎಂದು ಠರಾವು ಮಂಡಿಸಿದೆ. ಮೇಲಿನವರಿಗಾಗಲಿ ಎಂಬಲ್ಲಿ ಗದ್ದಲವಾಯಿತು. ವೇದಿಕೆಯ ಮೇಲಿದ್ದ ಜಿಲ್ಲಾ ಮುಖಂಡರು ಎಲ್ಲರೂ ಸುಮ್ಮನಾಗುವ ತನಕ ಕಾದು, ಆ ಮಾತು ಇರಲಿ, ಅದು ನನ್ನಂಥವರ ಸಲುವಾಗಿಯೇ ಬೇಕು ಎಂದರು. ಹೆಂಗಸರ ಕೈಗಳು ಮೊದಲು ಎದ್ದವು, ಆಮೇಲೆ ಗಂಡಸರವು.

ಈಗ ನಾನು ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ಪ್ಯಾಕಿಂಗಿನಿಂದ ತೆಗೆದು ಗೋದಾಮಿನಲ್ಲಿ ಒಬ್ಬಳನ್ನೇ ಹಾಕಿದ್ದಾರೆ, ಯಾರೂ ಬಂದು ಮಾತಾಡಬಾರದೆಂದು. ಊಟದ ಹೊತ್ತಿಗೆ ಹೆಂಗಸರು ಡಬ್ಬಿ ಹಿಡಿದು ಗೋದಾಮಿಗೇ ಬರುತ್ತಾರೆ. ಡ್ರೈಯರ್ ರೂಮಿನಲ್ಲಿ ಹೊಸ ಫ್ಯಾನು ತಿರುಗುತ್ತಿದೆ. ಎಚ್‌ಆರ್ ಸಾಹೇಬರು ಎದುರಿಗೆ ಸಿಕ್ಕರೆ ನಮಸ್ಕಾರ ಮಾಡುತ್ತಾರೆ, ನಾನೂ ಮಾಡುತ್ತೇನೆ.

ಖಾಲಾನನ್ನು ಮಾತ್ರ ಇನ್ನೂ ವಾಪಸ್ ತೆಗೆದುಕೊಂಡಿಲ್ಲ. ಗುತ್ತಿಗೆಯವಳು, ನಮಗೆ ಸಂಬಂಧವಿಲ್ಲ ಎನ್ನುತ್ತದೆ ಕಂಪನಿ. ಅವರ ಹೆಸರಿನಲ್ಲಿ ಬೇರೆ ಕೇಸು ಹಾಕಿದ್ದೇವೆ. ಮುಂದಿನ ತಾರೀಖಿಗೆ ನಾನು ರಜೆ ಹಾಕಿ ಅವರ ಜೊತೆ ಕಲಬುರಗಿಗೆ ಹೋಗುತ್ತೇನೆ. ಮೊನ್ನೆ ಮನೆಗೆ ಹೋದಾಗ ಕೋರ್ಟಿಗೆ ಉಡಲು ಹೊಸ ಸೀರೆ ತೆಗೆದಿಟ್ಟಿದ್ದರು. ಅಲ್ಲಿ ಏನೇನು ಕೇಳುತ್ತಾರೆ, ಯಾವುದಕ್ಕೆ ಉತ್ತರ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂದು ನಾನು ಹೇಳಿಕೊಡಲು ಹೋದೆ. ನನಗೆ ಗೊತ್ತಿದೆ, ನೀನು ರೊಟ್ಟಿ ಕಟ್ಟಿಕೊಂಡು ಬಾ ಎಂದರು.